ಆಂಡಲೂಸಿಯಾದ ಹಳೆಯ ಅರಮನೆ, ಮಠಗಳಲ್ಲಿ ತಂಗುವವರಿಗೆ

ದಕ್ಷಿಣ ಸ್ಪೇನಿನ ಆಂಡಲೂಸಿಯಾ ಪ್ರಾಂತ್ಯದಲ್ಲಿ ಹಳೆಯ ಕೋಟೆ, ಅರಮನೆ, ಸನ್ಯಾಸಿಮಠಗಳು ಹೋಟೆಲುಗಳಾಗಿ ಮಾರ್ಪಟ್ಟಿರುವ ಉದಾಹರಣೆಗಳು ಬೇಕಾದಷ್ಟಿವೆ. ಇಂಥಲ್ಲಿ ತಂಗಬೇಕೆನ್ನುವವರು ಮೊದಲು ವಿಚಾರಿಸಬೇಕಾದದ್ದು ಎರಡು ಸಂಗತಿ: ಕಟ್ಟಡದಲ್ಲಿ ನಿಜವಾಗಿ ಹಳೆಯದಾಗಿರುವುದು ಯಾವ ಭಾಗ, ಮತ್ತು ನಮಗೆ ಸಿಗುವ ಕೋಣೆ ಯಾವ ಭಾಗದಲ್ಲಿದೆ. ನಕ್ಷತ್ರಗಳ ಸಂಖ್ಯೆಯಿಂದ ಇವೆರಡಕ್ಕೂ ಉತ್ತರ ಸಿಗುವುದಿಲ್ಲ.

ಹುಡುಕಾಟವನ್ನು ಸರ್ಕಾರಿ ಒಡೆತನದ ‘ಪರಾದೋರ್’ ಹೋಟೆಲುಗಳಿಂದ ಆರಂಭಿಸುವುದು ಅನುಕೂಲ. 1928ರಲ್ಲಿ ಗ್ರೆದೋಸ್ ಬೆಟ್ಟಗಳಲ್ಲಿ ಮೊದಲನೆಯದು ತೆರೆದ ಈ ಜಾಲದಲ್ಲಿ ಇಂದು ದೇಶದಾದ್ಯಂತ ಸುಮಾರು ನೂರು ಹೋಟೆಲುಗಳಿವೆ. ಆದರೆ ಪರಾದೋರ್ ಎಂದ ಮಾತ್ರಕ್ಕೆ ಅದು ಪುರಾತನ ಕಟ್ಟಡವೆಂದು ಭಾವಿಸಬಾರದು. ನೆರ್ಹಾ ಮತ್ತು ಕಾರ್ಡೋಬಾದವು ಆಧುನಿಕ ಕಟ್ಟಡಗಳು. ಹಾಯೆನ್‌ನಲ್ಲಿರುವುದು ಸಾಂತಾ ಕತಲಿನಾ ಕೋಟೆಯ ಪಕ್ಕದಲ್ಲಿ, ಅದೇ ಶೈಲಿಯನ್ನು ಅನುಸರಿಸಿ 1960ರ ದಶಕದಲ್ಲಿ ಕಟ್ಟಿದ್ದು. ರೊಂದಾದಲ್ಲಿ ಹಳೆಯ ಪುರಭವನದ ಮುಂಭಾಗವನ್ನು ಉಳಿಸಿಕೊಂಡು ಒಳಭಾಗವನ್ನು ಹೊಸದಾಗಿ ನಿರ್ಮಿಸಲಾಗಿದೆ. ಆದರೂ ರೊಂದಾದ್ದನ್ನು ನಾನು ಬಿಡಬೇಡಿ ಎಂದೇ ಹೇಳುತ್ತೇನೆ, ಏಕೆಂದರೆ 1793ರಲ್ಲಿ ಪೂರ್ಣಗೊಂಡ, ಕಮರಿಯ ಮೇಲೆ ಸುಮಾರು ನೂರು ಮೀಟರ್ ಎತ್ತರದ ‘ಹೊಸ ಸೇತುವೆ’ ಅದಕ್ಕೆ ತಾಗಿಕೊಂಡೇ ಇದೆ. ಕಾಯ್ದಿರಿಸುವಾಗ ಕಮರಿಯ ಕಡೆಗೆ ಮುಖ ಮಾಡಿರುವ ಕೋಣೆಯೇ ಬೇಕೆಂದು ಬರೆದು ತಿಳಿಸಬೇಕು. ಚೌಕದ ಕಡೆಯ ಕೋಣೆ ಸಿಕ್ಕರೆ ಅಲ್ಲಿಗೆ ಹೋದ ಅರ್ಧ ಉದ್ದೇಶವೇ ತಪ್ಪಿಹೋಗುತ್ತದೆ.

ನಿಜವಾದ ಹಳಮೆಯನ್ನು ಬಯಸುವವರಿಗೆ ಗ್ರನಾಡಾ, ಕರ್ಮೋನಾ, ಊಬೆದಾ ಈ ಮೂರು ಊರುಗಳು ಸೂಕ್ತ. ಗ್ರನಾಡಾದ ಪರಾದೋರ್ ಅಲ್‌ಹಂಬ್ರಾ ಎಂಬ ಕೋಟೆ-ಅರಮನೆಗಳ ಆವರಣದೊಳಗೇ ಇದೆ. ಹಿಂದೆ ಗ್ರನಾಡಾವನ್ನು ಆಳಿದ ಮುಸ್ಲಿಂ ವಂಶವಾದ ನಸ್ರಿದ್ ಅರಸರ ಅರಮನೆಯಿದ್ದ ಜಾಗದಲ್ಲಿ ಎದ್ದ, ಈಗ ಹೋಟೆಲಾಗಿರುವ ಈ ಫ್ರಾನ್ಸಿಸ್ಕನ್ ಮಠದಲ್ಲಿಯೇ, 1504ರಲ್ಲಿ ತೀರಿಕೊಂಡ ಸ್ಪೇನಿನ ರಾಣಿ ಇಸಬೆಲ್ಲಾಳನ್ನು ಮೊದಲು ಸಮಾಧಿ ಮಾಡಲಾಗಿತ್ತು. ಆಕೆಯ ಅವಶೇಷಗಳು ನಗರದ ರಾಜಪ್ರಾರ್ಥನಾಮಂದಿರಕ್ಕೆ ಹೋದದ್ದು 1521ರಲ್ಲಿ. ಕೋಣೆಗಳು ಕಡಿಮೆ, ದರ ಹೆಚ್ಚು, ಆದ್ದರಿಂದ ತಿಂಗಳುಗಳ ಮುಂಚೆಯೇ ಕಾಯ್ದಿರಿಸಬೇಕು. ಆವರಣದೊಳಗೆ ತಂಗಿದ್ದರೂ ನಸ್ರಿದ್ ಅರಮನೆಗಳಿಗೆ ಬೇರೆ ಟಿಕೆಟ್ ಬೇಕು. ಅದರಲ್ಲಿ ಪ್ರವೇಶದ ಸಮಯ ನಿಗದಿಯಾಗಿರುತ್ತದೆ, ನೋಡಲು ಬರುವವರ ಹೆಸರೂ ಇರುತ್ತದೆ, ಪಾಸ್‌ಪೋರ್ಟ್ ತೋರಿಸಬೇಕಾಗುತ್ತದೆ. ಮೊದಲು ಆ ಟಿಕೆಟನ್ನು ಖಚಿತಪಡಿಸಿಕೊಂಡು, ಆ ದಿನಾಂಕಕ್ಕೆ ಹೊಂದುವಂತೆ ಕೋಣೆ ಹಿಡಿಯುವುದೇ ಜಾಣತನ. ಕರ್ಮೋನಾದಲ್ಲಿ ಹದಿನಾಲ್ಕನೆಯ ಶತಮಾನದ ದೊರೆ ಪೇದ್ರೋನ ಕೋಟೆಯರಮನೆಯ ಆವರಣದಲ್ಲಿ ತಂಗಬಹುದು, ಸೆವಿಲ್ಲೆಯಿಂದ ಬಸ್ಸಿದೆ. ಊಬೆದಾದಲ್ಲಿ ಹದಿನಾರನೆಯ ಶತಮಾನದ ಶ್ರೀಮಂತ ಪಾದ್ರಿಯೊಬ್ಬರ ಅರಮನೆಯೇ ಹೋಟೆಲು. ಆ ಊರಿಗೆ ರೈಲಿಲ್ಲದ ಕಾರಣ ಲಿನಾರೆಸ್-ಬಾಯೆಸಾ ನಿಲ್ದಾಣದಲ್ಲಿ ಇಳಿದು ರಸ್ತೆಯ ಮೂಲಕ ಹೋಗಬೇಕು.

ಖಾಸಗಿಯವುಗಳಲ್ಲಿ ಸೆವಿಲ್ಲೆಯ ಅಲ್ಫೋನ್ಸೊ ಹದಿಮೂರು ಹೋಟೆಲನ್ನು ಮಧ್ಯಯುಗದ ಅರಮನೆಯೆಂದು ನಂಬುವವರಿದ್ದಾರೆ. ಅದನ್ನು ಕಟ್ಟಿದ್ದು 1929ರ ಐಬೀರಿಯನ್-ಅಮೆರಿಕನ್ ಪ್ರದರ್ಶನಕ್ಕೆ ಬರುವ ಅತಿಥಿಗಳಿಗಾಗಿ. ಇಷ್ಟು ತಿಳಿದು ಹೋದರೆ ಅದರ ಹೆಂಚಿನ ಕೆಲಸವನ್ನು ಇನ್ನೂ ಚೆನ್ನಾಗಿ ಸವಿಯಬಹುದು.

ಇನ್ನು ಕೋಣೆಯ ವಿಷಯ. ಇಲ್ಲಿನ ಹಳೆಯ ಮನೆಗಳ ನಡುವೆ ‘ಪಾತಿಯೋ’ ಎಂಬ ತೆರೆದ ಅಂಗಳವಿರುತ್ತದೆ. ತೊಟ್ಟಿಮನೆಯನ್ನು ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಅಂಗಳದತ್ತ ಕಿಟಕಿಯಿರುವ ಕೋಣೆಗೆ ‘ಇಂತೆರಿಯೋರ್’ ಎಂದೂ ಬೀದಿಯತ್ತ ಇರುವುದಕ್ಕೆ ‘ಎಕ್ಸ್‌ತೆರಿಯೋರ್’ ಎಂದೂ ಹೆಸರು. ಒಳಗಿನದು ತಂಪು, ಆದರೆ ಮಂದ ಬೆಳಕಿನದು, ಮತ್ತು ಅಂಗಳದಲ್ಲಿ ಆಡಿದ ಮಾತೆಲ್ಲ ಮೇಲಿನವರೆಗೆ ಕೇಳಿಸುತ್ತದೆ. ಸೆವಿಲ್ಲೆ, ಕಾರ್ಡೋಬಾಗಳಲ್ಲಿ ಜುಲೈ, ಆಗಸ್ಟ್ ತಿಂಗಳುಗಳ ಬಿಸಿಲು 40 ಡಿಗ್ರಿ ದಾಟುವುದುಂಟು. ಆಗ ನಾನಂತೂ ಬೆಳಕಿನ ಆಸೆ ಬಿಟ್ಟು ಒಳಗಿನ ಕೋಣೆಯನ್ನೇ ಕೇಳುತ್ತೇನೆ. ಈಸ್ಟರ್‌ಗೆ ಮುಂಚಿನ ಪವಿತ್ರ ವಾರದಲ್ಲಿ ಬೀದಿಬದಿಯ ಕೋಣೆ ಹಿಡಿದರೆ ಮೆರವಣಿಗೆಗಳನ್ನು ಕಿಟಕಿಯಿಂದಲೇ ನೋಡಬಹುದು, ನಿದ್ರೆಯನ್ನು ಮಾತ್ರ ಮರೆಯಬೇಕು. ಆ ವಾರದಲ್ಲಿಯೂ ಸೆವಿಲ್ಲೆಯ ವಸಂತದ ಜಾತ್ರೆಯಲ್ಲಿಯೂ ಮೇ ತಿಂಗಳ ಆರಂಭದಲ್ಲಿ ನಡೆಯುವ ಕಾರ್ಡೋಬಾದ ಅಂಗಳಗಳ ಉತ್ಸವದಲ್ಲಿಯೂ ಕೋಣೆಗಳು ಸಿಗುವುದೇ ಕಷ್ಟ.

ಲಿಫ್ಟ್ ನಮ್ಮ ಮಹಡಿಯವರೆಗೆ ಬರುತ್ತದೆಯೇ, ದರದಲ್ಲಿ ತಿಂಡಿಯೂ ಶೇಕಡ 10ರ ತೆರಿಗೆಯೂ ಸೇರಿವೆಯೇ ಎಂದು ಮೊದಲೇ ಕೇಳಿಕೊಳ್ಳಿ. ಕಾರಿನಲ್ಲಿ ಬರುವವರು ನಿಲುಗಡೆಯ ಜಾಗವನ್ನೂ, ಹಳೆಯ ಪೇಟೆಯೊಳಗೆ ವಾಹನಕ್ಕೆ ಪ್ರವೇಶವಿದೆಯೇ ಎಂಬುದನ್ನೂ ವಿಚಾರಿಸಬೇಕು. ಅನುಮತಿಯಿಲ್ಲದ ಬೀದಿಗೆ ನುಗ್ಗಿದರೆ ಕ್ಯಾಮೆರಾ ಕಂಡು ದಂಡದ ಚೀಟಿ ಬರುತ್ತದೆ. ರಾತ್ರಿಯೂಟ ಸಾಮಾನ್ಯವಾಗಿ ಎಂಟೂವರೆಯ ನಂತರವೇ ಆರಂಭವಾಗುವುದರಿಂದ ಮಕ್ಕಳೊಂದಿಗೆ ಹೋಗುವವರು ಸಂಜೆಗೆ ಏನಾದರೂ ಇಟ್ಟುಕೊಂಡಿರಬೇಕು. ಕೋಣೆಯ ಬಾಗಿಲು ತೆರೆದೊಡನೆ ಪೆಟ್ಟಿಗೆ ಬಿಚ್ಚದೆ ಕಿಟಕಿ, ನೀರು, ಹವಾನಿಯಂತ್ರಣಗಳನ್ನು ನೋಡಿ. ಒಪ್ಪಿಗೆಯಾಗದಿದ್ದರೆ ಬೇರೆ ಕೋಣೆಯನ್ನು ಆಗಲೇ ಕೇಳಬೇಕು, ಮರುದಿನ ಬೆಳಿಗ್ಗೆ ಅಲ್ಲ.