ತವರಿನ ಗದ್ದಲದಲ್ಲಿ ಬ್ಯಾಟನ್ ಬದಲಾವಣೆ: ನನ್ನ ಅನುಭವ

2010ರ ದೆಹಲಿ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಮಂಜೀತ್ ಕೌರ್, ಸಿನಿ ಜೋಸ್, ನಮ್ಮ ಉಡುಪಿ ಜಿಲ್ಲೆಯ ಸಿದ್ದಾಪುರದ ಅಶ್ವಿನಿ ಅಕ್ಕುಂಜಿ ಮತ್ತು ಮನ್‌ದೀಪ್ ಕೌರ್ 4x400 ಮೀಟರ್ ರಿಲೇಯಲ್ಲಿ (ನಾಲ್ವರು ಒಬ್ಬರಾದ ಮೇಲೊಬ್ಬರು 400 ಮೀಟರ್ ಓಡಿ, ಬ್ಯಾಟನ್ ಎಂಬ ಕೋಲನ್ನು ಮುಂದಿನವರ ಕೈಗೆ ಕೊಡುವ ಓಟ) ಚಿನ್ನ ಗೆದ್ದಾಗ ತೆಗೆದುಕೊಂಡ ಸಮಯ 3 ನಿಮಿಷ 27.77 ಸೆಕೆಂಡ್. ಸರಾಸರಿ ಲೆಕ್ಕ ಹಾಕಿದರೆ ಒಬ್ಬೊಬ್ಬರಿಗೆ 52 ಸೆಕೆಂಡ್‌ಗೂ ಕಡಿಮೆ. ತವರಿನ ಪ್ರೇಕ್ಷಕರ ಕೂಗು ಓಟಗಾರರಿಗೆ ಬಲ ಎನ್ನುತ್ತಾರೆ, ನಿಜ. ಆದರೆ ಬ್ಯಾಟನ್ ಕೈ ಬದಲಾಗುವ 20 ಮೀಟರ್ ವಲಯದಲ್ಲಿ ಅದೇ ಕೂಗಿಗೆ ಜೊತೆಗಾರ್ತಿಯ ದನಿ ಕೇಳಿಸುವುದೇ ಇಲ್ಲ. ಆತಿಥೇಯ ತಂಡವನ್ನು ತಯಾರು ಮಾಡುವಾಗ ನಾನು ಮೊದಲು ಬಿಡಿಸುವುದು ಬಾಯಿಮಾತಿನ ಸಂಜ್ಞೆಗಳನ್ನು.

ಎಲ್ಲವೂ ಕಣ್ಣಿನಿಂದಲೇ ನಡೆಯಬೇಕು. ಮುಂದೆ ಓಡುವವಳು ಮೈದಾನದ ಒಳಭಾಗಕ್ಕೆ ಮುಖಮಾಡಿ ನಿಂತು, ಬರುವವಳ ಹೆಜ್ಜೆ ನೋಡುತ್ತಾಳೆ. ಬರುವವಳು ಸುಮಾರು 5 ಮೀಟರ್ ದೂರದಲ್ಲಿದ್ದಾಗ ಹೊರಟು, ಮೂರು ನಾಲ್ಕು ಹೆಜ್ಜೆಯಲ್ಲಿ ವೇಗ ಹಿಡಿದು, ತಿರುಗಿ ನೋಡಿ, ಎಡಗೈಯನ್ನು ಭುಜದ ಎತ್ತರಕ್ಕೆ ಚಾಚುತ್ತಾಳೆ. ಬರುವವಳ ಬಲಗೈಯಲ್ಲಿ ಬ್ಯಾಟನ್ ನೆಟ್ಟಗಿರಬೇಕು. ತೆಗೆದುಕೊಂಡ ತಕ್ಷಣ ಬಲಗೈಗೆ ಬದಲಿಸಿಕೊಳ್ಳಬೇಕು. ಆಮೇಲೆ ಎಂದುಕೊಂಡರೆ ತಿರುವಿನ ನೂಕುನುಗ್ಗಲಿನಲ್ಲಿ ಜಾರುತ್ತದೆ.

ಆ 5 ಮೀಟರ್ ಎಲ್ಲರಿಗೂ ಒಂದೇ ಅಲ್ಲ. ದಣಿಯದ ಕಾಲಿನಲ್ಲಿ ಅಭ್ಯಾಸ ಮಾಡಿ ಅಳತೆ ಇಟ್ಟುಕೊಂಡರೆ ಓಟದ ದಿನ ಕೈಕೊಡುತ್ತದೆ. ಕೊನೆಯ 50 ಮೀಟರ್‌ನಲ್ಲಿ ಕಾಲು ಕಲ್ಲಾಗಿರುತ್ತದೆ, ಮುಂದಿನವಳು ಓಡಿಹೋಗಿರುತ್ತಾಳೆ, ಬ್ಯಾಟನ್ ಎಟುಕುವುದಿಲ್ಲ. ಅದಕ್ಕೇ 300 ಮೀಟರ್ ಜೋರಾಗಿ ಓಡಿಸಿದ ಮೇಲೆಯೇ ಕೈ ಬದಲಿಸುವ ಅಭ್ಯಾಸ ಕೊಡುತ್ತೇನೆ, ಅದೂ ಪಕ್ಕದಲ್ಲಿ ಧ್ವನಿವರ್ಧಕ ಹಚ್ಚಿ. ಕಾಲು ಕುಸಿಯುವವಳಾದರೆ 5 ಮೀಟರ್ 4 ಆಗುತ್ತದೆ, ಕೆಲವೊಮ್ಮೆ 3. ವಲಯದೊಳಗೆ ಇರಬೇಕಾದದ್ದು ಬ್ಯಾಟನ್, ದೇಹವಲ್ಲ. ಇದನ್ನು ಓಟಗಾರ್ತಿಯರಿಗೆ ಟ್ರ್ಯಾಕ್ ಮೇಲೆ ಗೆರೆ ತೋರಿಸಿಯೇ ಹೇಳಬೇಕು.

ತವರಿನಲ್ಲಿ ಹೆಚ್ಚು ಕೆಡುವುದು ಮೊದಲ ಸುತ್ತು, ಅಂದರೆ ಮೊದಲನೆಯವಳ 400 ಮೀಟರ್. 53 ಸೆಕೆಂಡ್‌ನ ಓಟಗಾರ್ತಿ ಮೊದಲ 200 ಮೀಟರನ್ನು ಸುಮಾರು 25.5ರಲ್ಲಿ ಮುಗಿಸಿದರೆ ಸಾಕು. ಜನರ ಕೂಗಿಗೆ 24.5ಕ್ಕೆ ಹೋದಳೋ, ಆ ಒಂದು ಸೆಕೆಂಡ್‌ಗೆ ಕೊನೆಯ 80 ಮೀಟರ್‌ನಲ್ಲಿ ಬಡ್ಡಿ ಸಮೇತ ತೆರಬೇಕು. ಹಾಗಾಗಿ ನಾನು ಮೊದಲ ಸುತ್ತಿಗೆ ಇಡುವುದು ಅತಿ ವೇಗದವಳನ್ನಲ್ಲ, ಗಡಿಯಾರದಂತೆ ಓಡುವವಳನ್ನು. ಎರಡನೆಯವಳು ಮೊದಲ ತಿರುವು ಮುಗಿದ ಮೇಲೆ ಲೇನ್ ಬಿಡಬಹುದು. ಹೊರ ಲೇನ್‌ನಿಂದ ಒಮ್ಮೆಲೇ ಒಳಗೆ ನುಗ್ಗದೆ, ಮುಂದಿನ ತಿರುವಿನ ಆರಂಭಕ್ಕೆ ಕಣ್ಣಿಟ್ಟು ಓರೆಯಾಗಿ ಬರಬೇಕು.

ಮೂರು ಮತ್ತು ನಾಲ್ಕನೆಯವರನ್ನು ಅಧಿಕಾರಿಗಳು ಸಾಲಾಗಿ ನಿಲ್ಲಿಸುವುದು ಆಗ ಓಡುತ್ತಿರುವ ಅವರವರ ಜೊತೆಗಾರ್ತಿಯರು ತಮ್ಮ ಸುತ್ತಿನ 200 ಮೀಟರ್ ದಾಟಿದ ಕ್ರಮದಲ್ಲಿ. ಆಮೇಲೆ ಜಾಗ ಬದಲಿಸುವಂತಿಲ್ಲ. ಈ ಹೊತ್ತಿಗೆ ದೊಡ್ಡ ಪರದೆ ನೋಡುವ ಆಸೆ ಬಹಳ. ಪರದೆ ನೋಡಿದವಳಿಗೆ ತನ್ನವಳು ಎಲ್ಲಿದ್ದಾಳೆ ಎಂಬುದು ತಪ್ಪಿಹೋಗುತ್ತದೆ. ಕೊಟ್ಟು ಮುಗಿಸಿದವಳೂ ತನ್ನ ಜಾಗದಲ್ಲೇ ನಿಂತು, ದಾರಿ ತೆರವಾದ ಮೇಲೆ ಹೊರಬರಬೇಕು. ಬೇರೆ ತಂಡಕ್ಕೆ ಅಡ್ಡವಾದರೆ ತಮ್ಮ ತಂಡವೇ ಅನರ್ಹ.

ಓಡುವವರ ಹೆಸರು, ಕ್ರಮದ ಚೀಟಿಯನ್ನು ಮೊದಲ ಕರೆಗೆ (ಓಟಕ್ಕೆ ಮುನ್ನ ಓಟಗಾರ್ತಿಯರನ್ನು ಹಾಜರಿಗೆ ಕರೆಯುವ ಹೊತ್ತು) ಒಂದು ಗಂಟೆ ಮುಂಚೆ ಕೊಡಬೇಕು. ನೆಂಟರ ಟಿಕೆಟ್ ಬೇಡಿಕೆ ಆತಿಥೇಯ ತಂಡಕ್ಕೆ ಮಾತ್ರ ಇರುವ ಕಾಟ. ಅದಕ್ಕೊಬ್ಬರನ್ನು ಗೊತ್ತುಮಾಡಿ ಓಟಗಾರ್ತಿಯರ ಫೋನ್ ಅವರ ಕೈಗೆ ಕೊಡಿಸುತ್ತೇನೆ.

ದೆಹಲಿಯ ಆ ತಂಡದ ಮೂವರು 2011ರಲ್ಲಿ ಉದ್ದೀಪನ ಮದ್ದು ಪರೀಕ್ಷೆಯಲ್ಲಿ ಸಿಕ್ಕು ಅಮಾನತಾದದ್ದು ಈ ಕೆಲಸದಲ್ಲಿರುವ ಎಲ್ಲರಿಗೂ ನೋವಿನ ಸಂಗತಿ. ಪೂರಕ ಆಹಾರ, ಕೆಮ್ಮಿನ ಔಷಧ, ಏನೇ ಇರಲಿ, ತಂಡದ ವೈದ್ಯರು ನೋಡದೆ ಬಾಯಿಗೆ ಹೋಗಬಾರದು. ಪ್ರತಿ ಡಬ್ಬಿಯ ಬ್ಯಾಚ್ ಸಂಖ್ಯೆ ಬರೆದಿಟ್ಟು, ಅದೇ ಬ್ಯಾಚಿನ ಇನ್ನೊಂದು ಡಬ್ಬಿಯನ್ನು ಸೀಲ್ ಒಡೆಯದೆ ತೆಗೆದಿಡಬೇಕು.