ತೊಗರಿ ಕಟ್ಟಿಗೆಯ ಕಂಬ, ಕಬ್ಬಿನ ರವದಿಯ ಮಾಡು: ನೀರಿನ ಮೇಲಿನ ಮನೆ ಕಟ್ಟುವ ಬಗೆ

ಮೊದಲು ಮಣ್ಣು ತನ್ನಿ, ಮನೆಯ ಮಾತು ಆಮೇಲೆ. ಹಿನ್ನೀರು ಇಳಿದ ಮೇಲೆ ದಡದಲ್ಲಿ ಉಳಿಯುವ ಮೆತ್ತನೆಯ ಹೂಳೇ ಬೇಕು. ಮಕ್ಕಳನ್ನು ಅಲ್ಲಿಗೆ ಕಳಿಸಬೇಡಿ, ಕಾಲಿಟ್ಟರೆ ಮೊಣಕಾಲ ತನಕ ಹೂಳುತ್ತದೆ. ನಾನು ಬಾಗಲಕೋಟೆಯಿಂದ ಬೀಳಗಿ ಕಡೆ ಹೋದಾಗ ಎರಡು ಚೀಲ ತುಂಬಿಸಿಕೊಂಡು ಬರುತ್ತೇನೆ.

ಮೂರು ವರ್ಷದಿಂದ ಎಂಟನೆಯ ತರಗತಿಯವರ ಜೊತೆ, ಹಿಂದಿನವರು ನೀರಿನಲ್ಲಿ ಕಂಬ ನೆಟ್ಟು ಕಟ್ಟುತ್ತಿದ್ದ ಮನೆಯ ಈ ಪುಟ್ಟ ಮಾದರಿ ಕಟ್ಟುತ್ತಿದ್ದೇನೆ. ಜರ್ಮನಿಯಲ್ಲಿ ಬೋಡೆನ್ ಸರೋವರದ ದಡಕ್ಕೆ ಉಂಟರುಲ್ಡಿಂಗೆನ್ ಅಂತ ಊರಿದೆ. ಶಿಲಾಯುಗದ, ಕಂಚಿನ ಯುಗದ ಮನೆಗಳನ್ನು ಅಲ್ಲಿ ನೀರಿನಲ್ಲಿ ಕಂಬ ನೆಟ್ಟು ಮತ್ತೆ ಕಟ್ಟಿ ನಿಲ್ಲಿಸಿದ್ದಾರೆ. 1922ರಲ್ಲಿ ಎರಡು ಮನೆ ಇದ್ದವು, ಈಗ 23 ಇವೆ. ಹಲಗೆಯ ದಾರಿಯ ಮೇಲೆ ನಡೆದು ಒಳಗೆ ಹೋಗಿ ನೋಡಬಹುದು. ಚಿತ್ರದಲ್ಲಿ ಮೊದಲ ಸಲ ಕಂಡಾಗ ನನಗೆ ನೆನಪಾದದ್ದು ನಮ್ಮೂರು. ನಾನು ಹುಟ್ಟಿದ ಊರು ಈಗ ಆಲಮಟ್ಟಿ ಹಿನ್ನೀರಿನಲ್ಲಿದೆ. ಬೇಸಿಗೆಯಲ್ಲಿ ನೀರು ಸರಿದರೆ ಗುಡಿಯ ಕಟ್ಟೆ, ಕಾಳು ತುಂಬಿಡುತ್ತಿದ್ದ ಹಗೇವಿನ ಬಾಯಿ ಮೇಲೆ ಬರುತ್ತವೆ. 1853-54ರ ಚಳಿಗಾಲದಲ್ಲಿ ಸ್ವಿಟ್ಜರ್ಲೆಂಡಿನ ಜ್ಯೂರಿಕ್ ಸರೋವರವೂ ಹೀಗೇ ಇಳಿದು, ಓಬರ್‌ಮೈಲೆನ್ ಎಂಬಲ್ಲಿ ಕಂಬಗಳ ಮೊಂಡು ಸಾಲಾಗಿ ಹೊರಬಿದ್ದವು. ಪುರಾತತ್ವಜ್ಞ ಫರ್ಡಿನಾಂಡ್ ಕೆಲ್ಲರ್ ಅವುಗಳನ್ನು ನೋಡಿ, ಇವು ಹಿಂದಿನವರ ಮನೆಯ ಕಂಬಗಳು ಎಂದು ಬರೆದರು. ಆಲ್ಪ್ಸ್ ಸುತ್ತಲಿನ ಆರು ದೇಶಗಳ ಇಂಥ 111 ತಾಣಗಳು 2011ರಲ್ಲಿ ಯುನೆಸ್ಕೋ ಪಟ್ಟಿ ಸೇರಿದವು.

70 ಸೆಂ.ಮೀ. ಉದ್ದದ ಪ್ಲಾಸ್ಟಿಕ್ ಟಬ್ ಸಾಕು. ಹೂಳನ್ನು ಸಮ ಮಾಡಬೇಡಿ. ಒಂದು ಕಡೆ ಎತ್ತರ, ಇನ್ನೊಂದು ಕಡೆ ತಗ್ಗು ಇರಲಿ, ನಡುವೆ 10 ಸೆಂ.ಮೀ. ದಪ್ಪ. ಕೆಲ್ಲರ್ ಕಲ್ಪನೆಯಲ್ಲಿ ಸರೋವರದ ಮೇಲೆ ಒಂದೇ ದೊಡ್ಡ ಅಟ್ಟ, ಅದರ ಮೇಲೆ ಇಡೀ ಊರು. ಆಮೇಲಿನ ಉತ್ಖನನದಲ್ಲಿ ಎಷ್ಟೋ ಮನೆಗಳು ನೀರು ಏರಿಳಿಯುವ ದಡದಲ್ಲೇ, ಒಂದೊಂದೂ ಬೇರೆ ಬೇರೆಯಾಗಿ ನಿಂತಿದ್ದವು ಎಂದು ತಿಳಿಯಿತು. ಅಲ್ಲಿ ಹಿಮ ಕರಗಿದಾಗ ಸರೋವರ ಏರುತ್ತದೆ, ನಮ್ಮಲ್ಲಿ ಮಳೆಗಾಲದಲ್ಲಿ ಕೃಷ್ಣೆ. "ಟೀಚರ್ರೀ, ನೀರು ಬರೂದು ಗೊತ್ತಿದ್ರೂ ಅಲ್ಲೇ ಯಾಕ್ರೀ ಕಟ್ಟಿದ್ರು?" ಅಂತ ಒಬ್ಬ ಹುಡುಗಿ ಕೇಳಿದಳು. ನಾನು ಮೀನಿನ ಮಾತು ಹೇಳಿದೆ, ದೋಣಿಯ ಮಾತು ಹೇಳಿದೆ. ಹೊಳೆದಂಡೆಯಲ್ಲಿ ಹುಟ್ಟಿದವಳಿಗೆ ಆ ಪ್ರಶ್ನೆಗೆ ಇನ್ನೂ ಒಂದು ಉತ್ತರ ಗೊತ್ತಿರುತ್ತದೆ, ಅದನ್ನೂ ಹೇಳಿದೆ: ನಮ್ಮವ್ವನಿಗೆ ಬೇರೆ ಕಡೆ ನಿದ್ದೆಯೇ ಬರುತ್ತಿರಲಿಲ್ಲ.

ಕಂಬಕ್ಕೆ ತೊಗರಿ ಕಟ್ಟಿಗೆ, ಕಿರುಬೆರಳ ದಪ್ಪದ್ದು. ಮೂರು ಸಾಲು, ಸಾಲಿಗೆ ಐದು. ಅಂಚಿನ ಎರಡು ಸಾಲಿನವು 26 ಸೆಂ.ಮೀ., ನಡುವಿನ ಸಾಲಿನವು 36 ಸೆಂ.ಮೀ. ನಡುಸಾಲಿನ ತುದಿಯಲ್ಲಿ ಕವಲು ಇರುವುದನ್ನೇ ಆರಿಸಿ, ಮಾಡಿನ ನಡುವಿನ ಗಳ ಅದರಲ್ಲಿ ಕೂರುತ್ತದೆ. ಕಂಬದಿಂದ ಕಂಬಕ್ಕೆ 10 ಸೆಂ.ಮೀ. ಬಿಡಿ. ಕೆಳತುದಿ ಚೂಪು ಮಾಡಿ 8 ಸೆಂ.ಮೀ. ಒಳಕ್ಕೆ ಒತ್ತಿ.

ನಮ್ಮ ಮೊದಲ ಮನೆ ಇಲ್ಲೇ ಸೋತಿತು. ಸಂಜೆ ನೆಟ್ಟಗೆ ನಿಂತಿದ್ದ ಕಂಬಗಳು ಬೆಳಗಾಗುವಷ್ಟರಲ್ಲಿ ಒಂದು ಕಡೆ ಕುಸಿದು ನೆಲ ಓರೆಯಾಗಿತ್ತು. ಮೆತ್ತನೆಯ ಹೂಳು ಭಾರ ಹೊರುವುದಿಲ್ಲ. ಕಂಚಿನ ಯುಗದವರಿಗೂ ಇದೇ ತೊಂದರೆ. ಕೆಲವೆಡೆ ಅವರು ಹಲಗೆಗೆ ತೂತು ಕೊರೆದು ಕಂಬವನ್ನು ಅದರಲ್ಲಿ ತೂರಿಸಿ, ಹಲಗೆ ಕೆಸರಿನ ಮೇಲೆ ಮಲಗಿ ಭಾರ ಹಂಚುವಂತೆ ಮಾಡಿದ್ದರು. ಅಗೆದಾಗ ಆ ಹಲಗೆಗಳು ಸಿಕ್ಕಿವೆ. ನೀವೂ ಪ್ರತಿ ಕಂಬಕ್ಕೆ ಬೆಂಕಿಪೊಟ್ಟಣದಷ್ಟು ಹಲಗೆ ತುಂಡು ಹಾಕಿ, ಅದು ಜಾರದಂತೆ ಮೇಲೊಂದು ಅಡ್ಡಕಡ್ಡಿ ಪುಂಡಿನಾರಿನಿಂದ ಬಿಗಿಯಿರಿ. ಆಮೇಲೆ ನಮ್ಮ ಮನೆ ಅಲುಗಲಿಲ್ಲ.

ಹೂಳಿನಿಂದ 8 ಸೆಂ.ಮೀ. ಮೇಲೆ ನೆಲದ ಅಡ್ಡಕಟ್ಟಿಗೆ ಕಟ್ಟಿ, ಮೇಲೆ ಸಣ್ಣ ಕಡ್ಡಿ ಒತ್ತಾಗಿ ಹಾಸಿ. ಗೋಡೆಗೆ ಬಿದಿರಿನ ಸೀಳನ್ನು ಕಂಬಗಳ ನಡುವೆ ಬುಟ್ಟಿ ಹೆಣೆದಂತೆ ಹೆಣೆದರೆ ತಟ್ಟಿಯಾಯಿತು. ಮೆತ್ತುವ ಮಣ್ಣಿಗೆ ಎರೆಮಣ್ಣು ಬೇಡವೇ ಬೇಡ, ಒಣಗಿದೊಡನೆ ಬಿರುಕು ಬಿಡುತ್ತದೆ. ಮಸಾರಿ ಮಣ್ಣಿಗೆ ಹೊಟ್ಟು, ಸೆಗಣಿ ಸೇರಿಸಿ ತುಳಿದು, ಎರಡು ದಿನ ಕೊಳೆಯಲು ಬಿಡಿ. ವಾಸನೆ ಬಂದರೆ ಹದ ಬಂತು. ಎರಡೂ ಕಡೆಯಿಂದ ಒತ್ತಿ, ಮಣ್ಣು ಸೀಳುಗಳ ಸಂದಿಯಲ್ಲಿ ಕೈಕೈ ಹಿಡಿಯಬೇಕು. ಮಣ್ಣು ಮೆತ್ತಿದ ತಟ್ಟಿಯ ಒಂದು ಚೂರನ್ನು ಒಲೆಗೆ ಹಾಕಿ ಸುಟ್ಟು ತೆಗೆಯಿರಿ: ಬಿದಿರು ಬೂದಿಯಾಗಿರುತ್ತದೆ, ಅದರ ಅಚ್ಚು ಇಟ್ಟಿಗೆಯಂಥ ಮಣ್ಣಿನಲ್ಲಿ ಗೆರೆಗೆರೆಯಾಗಿ ಉಳಿದಿರುತ್ತದೆ. ಬೆಂಕಿಗೆ ಸಿಕ್ಕ ಹಳೆಯ ಮನೆಗಳಿಂದ ಇಂಥ ಚೂರುಗಳೇ ಸಿಕ್ಕಿ, ಗೋಡೆ ತಟ್ಟಿಯದ್ದು ಎಂದು ಗೊತ್ತಾದದ್ದು. ಆ ಚೂರು ಹಿಡಿದುಕೊಂಡ ಮಕ್ಕಳ ಮುಖ ನೋಡಲಿಕ್ಕೇ ನಾನು ಪ್ರತಿ ವರ್ಷ ಈ ಕೆಲಸ ಹಚ್ಚುತ್ತೇನೆ.

ಮಾಡಿಗೆ ಅಲ್ಲಿ ಜೊಂಡು, ಇಲ್ಲಿ ಕಬ್ಬಿನ ರವದಿ, ಅಂದರೆ ಒಣಗಿದ ಎಲೆ. ಕೆಳಗಿನಿಂದ ಮೇಲಕ್ಕೆ ಹೊದಿಸುತ್ತಾ ಹೋಗಿ.

ಈಗ ಎರಡು ಬಣ್ಣದ ದಾರ ತೆಗೆದುಕೊಳ್ಳಿ. ನೆಲದಡಿಯಲ್ಲಿ ಸಿಕ್ಕಿದ್ದಕ್ಕೆ ಕೆಂಪು, ನಾವು ಊಹಿಸಿದ್ದಕ್ಕೆ ಬಿಳಿ. ಕಂಬದ ಬುಡಕ್ಕೆ ಕೆಂಪು. ನೀರಿನಡಿಯ ಕೆಸರಿಗೆ ಗಾಳಿ ತಾಗದ್ದರಿಂದ ಮರ ಸಾವಿರಾರು ವರ್ಷ ಕೊಳೆಯದೆ ಉಳಿದಿದೆ, ಅದರೊಳಗೆ ವರ್ಷಕ್ಕೊಂದರಂತೆ ಮೂಡಿದ ಬಳೆಗಳ ಅಗಲವನ್ನು ವರ್ಷ ಗೊತ್ತಿರುವ ಮರಗಳ ಬಳೆಗಳ ಜೊತೆ ಹೋಲಿಸಿ, ಎಷ್ಟೋ ಸಲ ಮರ ಕಡಿದ ವರ್ಷವನ್ನೇ ಹೇಳುತ್ತಾರೆ. ಗೋಡೆಯ ತಟ್ಟಿಗೆ ಕೆಂಪು. ಮಾಡಿನ ಇಳಿಜಾರಿಗೆ ಬಿಳಿ. ಗೋಡೆಯ ಎತ್ತರಕ್ಕೆ ಬಿಳಿ. ಈ ದಾರ ಕಟ್ಟದೆ ಮಾದರಿಯನ್ನು ಪ್ರದರ್ಶನಕ್ಕೆ ಇಡಬೇಡಿ. ನೋಡುವವರು ಎಲ್ಲವನ್ನೂ ನಿಜವೆಂದೇ ನಂಬುತ್ತಾರೆ.

ಗೋಡೆ ಪೂರ್ತಿ ಒಣಗಿದ ಮೇಲೆ ನೀರು ಹಾಕಿ, ಮಗ್ಗಿನಿಂದ, ಟಬ್ಬಿನ ಮೂಲೆಯಲ್ಲಿ, ಹೂಳು ಕದಡದಂತೆ. ಮನೆಯ ನೆಲಕ್ಕಿಂತ ಎರಡು ಬೆರಳು ಕೆಳಗೆ ನಿಲ್ಲಿಸಿ. ಮೂರು ದಿನಕ್ಕೊಮ್ಮೆ ನೀರು ಬದಲಿಸಿ, ಇಲ್ಲದಿದ್ದರೆ ಸೊಳ್ಳೆ. ಕಂಬದ ಮೇಲೆ ನೀರಿನ ಗೆರೆ ಮೂಡುತ್ತದೆ, ಅದನ್ನು ಒರೆಸಬೇಡಿ.