ಬಕೆಟ್, ಸ್ಪಾಂಜು ಮತ್ತು ಹದಿನಾರು ಪುಟದ ಫಾರಂ

ಮಕ್ಕಳ ಯೆಹೂದಿ ದ್ವೇಷ ಬಿಡಿಸಲು ನಾನು ಶುರು ಮಾಡಿದ ಪಾಠ ನೋಡಿ "ಇದೆಲ್ಲ ನಡೆಯಲ್ಲ" ಎಂದು ಸ್ಟಾಫ್ ರೂಮಿನಲ್ಲಿ ನಕ್ಕವರೇ ಈಗ ನನ್ನ ಬಕೆಟ್ ಎರವಲು ಕೇಳುತ್ತಾರೆ. ಅದಕ್ಕೇ ಬರೆಯುತ್ತಿದ್ದೇನೆ.

ಬರ್ಲಿನ್ನಿನಲ್ಲಿ ಒಂಬತ್ತನೇ ಕ್ಲಾಸಿಗೆ ಇತಿಹಾಸ ಕಲಿಸುತ್ತೇನೆ. ಇಲ್ಲಿ ಪಾಠ ಮಾಡುವ ನಮ್ಮವರಿಗೆ ಗೊತ್ತೇ ಇದೆ, ಶಾಲೆಯ ಅಂಗಳದಲ್ಲಿ 'ಯೂಡೆ' (ಜರ್ಮನ್‌ನಲ್ಲಿ ಯೆಹೂದಿ) ಅನ್ನುವುದು ಬೈಗುಳ. ಪೆನ್ಸಿಲ್ ಕೊಡದವನೂ ಯೂಡೆ, ಗೋಲು ತಪ್ಪಿಸಿದವನೂ ಯೂಡೆ. ಬೈಯುವ ಹುಡುಗರಲ್ಲಿ ಒಬ್ಬ ಯೆಹೂದಿಯನ್ನಾದರೂ ಮಾತಾಡಿಸಿದವರು ಇರಲಿಲ್ಲ.

ಮೊದಲ ವರ್ಷ ಎಲ್ಲರ ಹಾಗೆ, ನಾಜಿಗಳು ಕೊಂದ ಯೆಹೂದಿಗಳು 60 ಲಕ್ಷ ಎಂಬ ಅಂಕಿಯಿಂದ ಶುರು ಮಾಡಿದೆ. ಹೆಣಗಳ ಫೋಟೋ ತೋರಿಸಿದೆ. ಹಿಂದಿನ ಬೆಂಚು ನಕ್ಕಿತು. ಹೆದರಿ ನಕ್ಕಿದ್ದು ಎಂದು ಆಮೇಲೆ ಹೊಳೆಯಿತು, ಆಗ ಸುಮ್ನೆ ಕೂಗಾಡಿಬಿಟ್ಟೆ. ಮರುವರ್ಷ ನಾಜಿಗಳು ಜನರನ್ನು ಕೂಡಿಹಾಕಿದ್ದ ಸಾಕ್ಸನ್‌ಹೌಸೆನ್ ಕ್ಯಾಂಪಿಗೆ ಕರೆದುಕೊಂಡು ಹೋದೆ. ಜನವರಿ ಚಳಿ, ಬಸ್ಸಿಗೇ ಸುಮಾರು 400 ಯೂರೋ. ಮಕ್ಕಳ ನೆನಪಿನಲ್ಲಿ ಉಳಿದದ್ದು ಚಳಿ, ಮತ್ತು ಬಸ್ಸಿನಲ್ಲಿ ವಾಂತಿ ಮಾಡಿಕೊಂಡ ಹುಡುಗ. ವಾರದೊಳಗೆ ಅದೇ ಬೈಗುಳ.

ಮೂರನೇ ವರ್ಷ ಕ್ಯಾಂಪನ್ನೂ ಅಂಕಿಯನ್ನೂ ಬದಿಗಿಟ್ಟೆ. ಶಾಲೆಯಿಂದ ಐದು ನಿಮಿಷದ ಒಂದು ಮನೆ ಆರಿಸಿಕೊಂಡೆ. ಬಾಗಿಲ ಮುಂದೆ ಮೂರು ಎಡವುಗಲ್ಲು, ಅಂದರೆ ನಾಜಿಗಳಿಗೆ ಬಲಿಯಾದ ಆ ಮನೆಯವರ ಹೆಸರು ಕೆತ್ತಿ ಫುಟ್‌ಪಾತಿನಲ್ಲಿ ಹೂತ ನೆನಪಿನ ಕಲ್ಲು. ಮಾಸಿ ಕಪ್ಪಾಗಿದ್ದವು. ಕಲಾವಿದ ಗುಂಟರ್ ಡೆಮ್ನಿಗ್ 1992ರಲ್ಲಿ ಶುರು ಮಾಡಿದ ಈ ಅಂಗೈ ಅಗಲದ, ಹಿತ್ತಾಳೆ ಹೊದಿಸಿದ ಕಲ್ಲುಗಳು 2023ಕ್ಕೆ ಒಂದು ಲಕ್ಷ ಮುಟ್ಟಿವೆ. ನಮ್ಮ ಮಕ್ಕಳು ದಿನಾ ಅವುಗಳ ಮೇಲೇ ನಡೆದು ಬರುತ್ತಿದ್ದರು, ಒಬ್ಬರೂ ಓದಿರಲಿಲ್ಲ.

ಖರ್ಚು? ಎರಡು ಬಕೆಟ್, ಸ್ಪಾಂಜು, ಪಾಲಿಶ್, ಎಲ್ಲ ಸೇರಿ 25 ಯೂರೋ ಒಳಗೆ. ಮೊದಲ ಸಲ ನಾನು ಜಾಣತನ ತೋರಿಸಲು ಹೋಗಿ ಊರಿನ ಹುಣಸೆಹಣ್ಣು ತಂದೆ, ಅಮ್ಮ ದೀಪದ ಕಂಬ ತಿಕ್ಕುತ್ತಿದ್ದ ಹಾಗೆ. ಹೊಳಪು ಬಂತು, ನಿಜ. ಸರಿಯಾಗಿ ತೊಳೆಯದ ಒಂದು ಕಲ್ಲು ಮಾತ್ರ ಮರುದಿನ ಕೆಂಪು ಕೆಂಪಗೆ ಕಂಡಿತು. ಈಗ ಅಂಗಡಿಯ ಪಾಲಿಶ್ಶೇ. ತಂತಿ ಬ್ರಷ್ ಅಂತೂ ಮುಟ್ಟಬೇಡಿ.

ಕಲ್ಲು ತಿಕ್ಕಿದ್ದರಿಂದಲೇ ಮನಸ್ಸು ಬದಲಾಗಲಿಲ್ಲ. ಬದಲಾಯಿಸಿದ್ದು ಫಾರಂ. ರೈಲು ಹತ್ತಿಸಿ ಗಡೀಪಾರು ಮಾಡುವ ಮುಂಚೆ ನಾಜಿಗಳು ಯೆಹೂದಿಗಳ ಕೈಯಲ್ಲೇ 16 ಪುಟದ ಆಸ್ತಿ ವಿವರ ಬರೆಸಿಕೊಳ್ಳುತ್ತಿದ್ದರು, ಅದು. ಪಾಟ್ಸ್‌ಡಾಮಿನ ಪತ್ರಾಗಾರದಲ್ಲಿ ಆ ಮನೆಯ ಒಬ್ಬ ಹೆಂಗಸಿನದು ಸಿಕ್ಕಿತು. ಹಳೇ ಜರ್ಮನ್ ಕೈಬರಹ ನನಗೂ ಓದಲು ಬರಲಿಲ್ಲ. ನಮ್ಮ ಬಿಲ್ಡಿಂಗಿನ ಅಜ್ಜಿಯೊಬ್ಬರು ಮೂರು ಸಂಜೆ ಕೂತು ಓದಿಕೊಟ್ಟರು. ಫೀಸು, ಒಂದು ಡಬ್ಬ ಚಕ್ಕುಲಿ.

ನಾಲ್ಕು ಕುರ್ಚಿ. ಎರಡು ಪಾತ್ರೆ. ತೇಪೆ ಹಾಕಿದ ಹಾಸಿಗೆ ಹೊದಿಕೆ. ಒಂದು ಛತ್ರಿ.

"ಯೆಹೂದಿಗಳೆಲ್ಲ ಶ್ರೀಮಂತರು ತಾನೇ?" ಎನ್ನುತ್ತಿದ್ದ ಹುಡುಗ ಆ ಪಟ್ಟಿಯನ್ನು ಎರಡು ಸಲ ಓದಿದ. ಆಮೇಲೆ ಕೇಳಿದ, "ಈ ಕುರ್ಚಿ ಎಲ್ಲಿಗೆ ಹೋದವು?" ಇಂಥ ಸಾಮಾನನ್ನು ಹರಾಜು ಹಾಕುತ್ತಿದ್ದರು, ಊರಿನ ಜನವೇ ಕೊಳ್ಳುತ್ತಿದ್ದರು ಎಂದೆ. ಕ್ಲಾಸಿನಲ್ಲಿ ಸದ್ದಿಲ್ಲ. ಫಾರಂ ಬಿಚ್ಚುವ ಮುಂಚೆ ನಾನು ಕೇಳುವ ಒಂದು ಪ್ರಶ್ನೆ ಇದೆ, ಅದನ್ನು ಇಲ್ಲಿ ಬರೆಯುವುದಿಲ್ಲ. ಮುಂದಿನ ಬ್ಯಾಚಿಗೆ ಗೊತ್ತಾದರೆ ಕೆಲಸ ಕೆಟ್ಟಿತು.

ಇದೇ ಜೋರಿನಲ್ಲಿ ಒಂದು ತಪ್ಪೂ ಮಾಡಿದೆ. ನಿಮ್ಮ ನಿಮ್ಮ ಮನೆ ಸಾಮಾನಿನ ಪಟ್ಟಿ ಬರೆಯಿರಿ ಎಂದೆ. ಸಿರಿಯಾದ ಅಲೆಪ್ಪೋದಲ್ಲಿ ಮನೆ ಬಿಟ್ಟು ಬಂದ ಹುಡುಗಿ ಅಳುತ್ತಾ ಎದ್ದು ಹೋದಳು. ಅಂದಿನ ಯೆಹೂದಿಗಳ ಪಾತ್ರವನ್ನು ಇಂದಿನ ಮಕ್ಕಳಿಂದ ಆಡಿಸುವ ಆಟ ಅಂದಿಗೇ ಬಿಟ್ಟೆ.

ಕೊನೆಗೆ ಗ್ರೂನೆವಾಲ್ಡ್ ಸ್ಟೇಷನ್ನಿನ 17ನೇ ಪ್ಲಾಟ್‌ಫಾರಂ. ಇಲ್ಲಿನ ಶಾಲೆ ಮಕ್ಕಳಿಗೆ ಪಾಸ್ ಪುಕ್ಕಟೆ, ಹಾಗಾಗಿ ಬಸ್ಸಿನ 400 ಯೂರೋ ಉಳಿಯಿತು. 1941ರ ಅಕ್ಟೋಬರ್ 18ರಂದು ಬರ್ಲಿನ್ನಿನಿಂದ ಯೆಹೂದಿಗಳನ್ನು ಹೊತ್ತ ಮೊದಲ ರೈಲು ಹೊರಟಿದ್ದು ಗ್ರೂನೆವಾಲ್ಡಿನಿಂದಲೇ. ಹಳಿಯ ಉದ್ದಕ್ಕೂ 186 ಉಕ್ಕಿನ ಫಲಕ, ಒಂದೊಂದರ ಮೇಲೂ ತಾರೀಖು, ಎಷ್ಟು ಜನ, ಎಲ್ಲಿಗೆ. ನಾನು ಏನೂ ಹೇಳದೆ ಬಿಡುತ್ತೇನೆ. 1945ರ ಮಾರ್ಚಿನ ಫಲಕದಲ್ಲಿ 18 ಜನ ಅಂತಿದೆ. "ಯುದ್ಧ ಸೋತಾಗಿತ್ತು, ಆದರೂ ಹದಿನೆಂಟು ಜನಕ್ಕೆ ರೈಲಾ?" ಕೇಳಿದ್ದು ಅದೇ ಹುಡುಗ.

ಫಲ ಎಷ್ಟು ಅಂದರೆ, ದಿನಕ್ಕೆ ಏಳೆಂಟು ಸಲ ಕಿವಿಗೆ ಬೀಳುತ್ತಿದ್ದ ಬೈಗುಳ ವಾರಕ್ಕೆ ಒಂದೆರಡಕ್ಕೆ ಇಳಿಯಿತು. 2023ರ ಅಕ್ಟೋಬರ್ 7ರಂದು ಹಮಾಸ್ ಇಸ್ರೇಲ್ ಮೇಲೆ ದಾಳಿ ಮಾಡಿದ ನಂತರ ಮತ್ತೆ ಏರಿತು, ಮುಚ್ಚಿಡುವುದಿಲ್ಲ. ಗಾಜಾ ಬಗ್ಗೆ ಕೇಳಿದವರ ಬಾಯಿ ಮುಚ್ಚಿಸಲಿಲ್ಲ, ಅದಕ್ಕೇ ಬೇರೆ ದಿನ ಎರಡು ಪೀರಿಯಡ್ ಕೊಟ್ಟೆ. ಎರಡನ್ನೂ ಒಂದೇ ಗಂಟೆಯಲ್ಲಿ ಕಲಸಿದರೆ ಯಾವುದೂ ತಲೆಗೆ ಹೋಗಲ್ಲ.

ಪಕ್ಕದ ಮನೆಗೆ ಕಲ್ಲೇ ಇರಲಿಲ್ಲ. ಮಕ್ಕಳು ಕೇಕ್ ಮಾರಿ 120 ಯೂರೋ ಕೂಡಿಸಿದರು, ಅರ್ಜಿ ಹಾಕಿ ಎರಡು ವರ್ಷದ ಮೇಲೆ ಕಾದೆವು. ಕಲ್ಲು ಹಾಕುವ ಹೊತ್ತಿಗೆ ಆ ಬ್ಯಾಚು ಶಾಲೆ ಬಿಟ್ಟಾಗಿತ್ತು. ಆದರೂ ಒಂಬತ್ತು ಜನ ಬಂದರು.

ಈ ನವೆಂಬರ್ 9ಕ್ಕೆ, 1938ರಲ್ಲಿ ನಾಜಿಗಳು ಯೆಹೂದಿಗಳ ಅಂಗಡಿ, ಪ್ರಾರ್ಥನಾ ಮಂದಿರ ಒಡೆದ ರಾತ್ರಿಯ ನೆನಪಿಗೆ, ಕಲ್ಲು ತಿಕ್ಕಲು ಮತ್ತೆ ಹೊರಡಬೇಕು. ಎರವಲು ಹೋದ ಎರಡು ಬಕೆಟ್‌ನಲ್ಲಿ ಒಂದು ಇನ್ನೂ ವಾಪಸ್ ಬಂದಿಲ್ಲ.